ಸ್ನಾಯುವಿನೊಳಗಿನ ಆಕರಕೋಶಗಳು: ಅವುಗಳನ್ನು ಎಚ್ಚರಿಸುವುದು ಯಾವುದು?

ಮುಂಗಾರಿನ ಹದಮಳೆಯಾಗಿ ಕೊತ್ತಗೆರೆ ಹೋಬಳಿಯ ಹೊಲಗಳಲ್ಲಿ ಕೆಲಸ ಆರಂಭವಾದಾಗ, ಬೇಸಿಗೆಯಿಡೀ ಗುದ್ದಲಿ ಹಿಡಿಯದವರ ಮೈಕೈ ಎರಡು ಮೂರು ದಿನ ನೋಯುವುದು ಸಹಜ. ವಾರ ಕಳೆಯುವಷ್ಟರಲ್ಲಿ ನೋವು ಇಳಿಯುತ್ತದೆ. ಮತ್ತೆ ಅದೇ ಕೆಲಸ ಮಾಡಿದರೂ ಅಷ್ಟು ನೋಯುವುದಿಲ್ಲ. ‘ಮೈ ಪಳಗಿತು’ ಎನ್ನುತ್ತೇವೆ. ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಗಾಯಗಳಾಗುತ್ತವೆ. ದೇಹವು ಅವನ್ನು ಸರಿಪಡಿಸಿ ಮುಂದಿನ ಶ್ರಮಕ್ಕೆ ಸ್ನಾಯುವನ್ನು ಅಣಿಗೊಳಿಸುತ್ತದೆ. ಈ ದುರಸ್ತಿಯಲ್ಲಿ ಸ್ನಾಯುವಿನಲ್ಲೇ ನೆಲೆಸಿರುವ ಆಕರಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ, ಪಾತ್ರ ಹಿರಿದು. ಅದೇ ಹೆಸರಿನ ಚಿಕಿತ್ಸೆಗಳ ಜಾಹೀರಾತುಗಳೂ ಇಂದು ಕಣ್ಣಿಗೆ ಬೀಳುತ್ತಿರುವುದರಿಂದ, ಈ ಕೋಶಗಳ ನಿಜವಾದ ಕಾರ್ಯವನ್ನು ನಾವು ಅರಿತಿರುವುದು ಒಳಿತು.

1961ರಲ್ಲಿ ನ್ಯೂಯಾರ್ಕಿನ ವಿಜ್ಞಾನಿ ಅಲೆಕ್ಸಾಂಡರ್ ಮೌರೋ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಕಾಲಿನ ಸ್ನಾಯುವನ್ನು ಪರೀಕ್ಷಿಸುತ್ತಿದ್ದಾಗ, ಸ್ನಾಯುವಿನ ಎಳೆಗೂ ಅದರ ಹೊರಪೊರೆಗೂ ನಡುವೆ ಅಂಟಿಕೊಂಡಿದ್ದ ಪುಟ್ಟ ಕೋಶಗಳನ್ನು ಗುರುತಿಸಿದರು. ಎಳೆಯ ಅಂಚಿನಲ್ಲಿಯೇ ಇರುವುದರಿಂದ ಅವಕ್ಕೆ ‘ಉಪಗ್ರಹಕೋಶ’ಗಳೆಂದು ಹೆಸರಾಯಿತು. ಎಲುಬನ್ನು ಚಲಿಸುವ ಸ್ನಾಯುವಿನ ಒಂದೊಂದು ಎಳೆಯಲ್ಲಿಯೂ ನೂರಾರು ಕೋಶಕೇಂದ್ರಗಳಿವೆ. ಆದರೆ ಬೆಳೆದ ಎಳೆ ತಾನಾಗಿ ಒಡೆದು ಎರಡಾಗಲಾರದು. ಆ ಕೊರತೆಯನ್ನು ತುಂಬುವವು ಈ ಉಪಗ್ರಹಕೋಶಗಳೇ.

ಸಾಮಾನ್ಯ ದಿನಗಳಲ್ಲಿ ಅವು ನಿದ್ರಿಸುತ್ತಿರುತ್ತವೆ. ಎಳೆಗೆ ಪೆಟ್ಟಾದಾಗ ಎಚ್ಚೆತ್ತು ವೃದ್ಧಿಸುತ್ತವೆ. ಹೆಚ್ಚಿನವು ಹರಿದ ಎಳೆಯೊಂದಿಗೆ ಬೆರೆಯುತ್ತವೆ, ಇಲ್ಲವೇ ತಾವೇ ಒಂದುಗೂಡಿ ಹೊಸ ಎಳೆಯಾಗುತ್ತವೆ. ಉಳಿದ ಕೆಲವು ಮರಳಿ ನಿದ್ರೆಗೆ ಜಾರುತ್ತವೆ. ರೈತನು ಬೆಳೆದ ರಾಗಿಯನ್ನೆಲ್ಲ ಉಣ್ಣದೆ ಬಿತ್ತನೆಗೆಂದು ಒಂದಿಷ್ಟು ಎತ್ತಿಡುವಂತೆ, ಮುಂದಿನ ಗಾಯಕ್ಕೆ ಇವು ಮೀಸಲು. ಈ ನಿದ್ರೆ ಹೇಗೆ ಉಳಿಯುತ್ತದೆ, ಹೇಗೆ ಮುರಿಯುತ್ತದೆ ಎಂಬ ಸಂಶೋಧನೆ ನಮ್ಮ ದೇಶದಲ್ಲಿಯೂ ನಡೆದಿದೆ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿಯೂ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ವಿಜ್ಞಾನಿ ಜ್ಯೋತ್ಸ್ನಾ ಧವನ್ ಅವರು ಈ ವಿಷಯದಲ್ಲಿ ಕೆಲಸ ಮಾಡಿದ್ದಾರೆ. 2011ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಉಪಗ್ರಹಕೋಶಗಳನ್ನು ತೆಗೆದುಹಾಕಿದ ಇಲಿಗಳ ಗಾಯಗೊಂಡ ಸ್ನಾಯು ಮತ್ತೆ ಬೆಳೆಯಲೇ ಇಲ್ಲ.

ವಯಸ್ಸಾದಂತೆ ಈ ಕೋಶಗಳ ಸಂಖ್ಯೆ ಕುಗ್ಗುತ್ತದೆ, ಚುರುಕೂ ತಗ್ಗುತ್ತದೆ. ಆದರೆ ಅವು ಪೂರ್ಣವಾಗಿ ಬತ್ತಿಹೋಗುವುದಿಲ್ಲ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುದಿ ಇಲಿಯ ರಕ್ತಸಂಚಾರವನ್ನು ಎಳೆಯ ಇಲಿಯ ರಕ್ತಸಂಚಾರದೊಂದಿಗೆ ಜೋಡಿಸಿದಾಗ, ಮುದಿ ಇಲಿಯ ಆಕರಕೋಶಗಳು ಮತ್ತೆ ಚುರುಕಾದವು. ಕೋಶದ ಮುಪ್ಪಿನಲ್ಲಿ ಅದರ ಸುತ್ತಣ ಪರಿಸರದ ಪಾಲೂ ಇದೆಯೆಂಬುದು ಇದರಿಂದ ತಿಳಿಯಿತು. ಇದಕ್ಕೂ ಮೊದಲೇ, 1990ರಲ್ಲಿ ಬೋಸ್ಟನ್ನಿನ ವೃದ್ಧಾಶ್ರಮವೊಂದರ ಸುಮಾರು 90 ವರ್ಷದ 10 ಹಿರಿಯರಿಗೆ ಭಾರದ ವ್ಯಾಯಾಮ ಮಾಡಿಸಿದ್ದರು. ಎಂಟು ವಾರ ಪೂರೈಸಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಮೀರಿ ಹೆಚ್ಚಿತು.

ನಮ್ಮ ಮನೆಗಳಲ್ಲಿ ಇದನ್ನು ನೆನಪಿಡುವುದು ಅಗತ್ಯ. ಹಿರಿಯರು ಬಿದ್ದು ಸೊಂಟ ಮುರಿದುಕೊಂಡರೆ, ಶಸ್ತ್ರಚಿಕಿತ್ಸೆಯ ನಂತರವೂ ‘ಅಜ್ಜಿ ಏಳುವುದು ಬೇಡ’ ಎಂದು ಮಕ್ಕಳು ಅಕ್ಕರೆಯಿಂದ ಮಲಗಿಸಿಯೇ ಇಡುತ್ತಾರೆ. ಹಾಸಿಗೆ ಹಿಡಿದ ಹಿರಿಯರ ತೊಡೆಯ ಸ್ನಾಯು ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ. ವೈದ್ಯರು ಅನುಮತಿಸಿದ ದಿನದಿಂದಲೇ ಎದ್ದು ಕೂರಿಸಿ, ನಿಲ್ಲಿಸಿ, ನಡೆಸಬೇಕು. ಆರೋಗ್ಯವಾಗಿರುವ ಹಿರಿಯರು ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವ ಅಭ್ಯಾಸವನ್ನು ದಿನವೂ ಮಾಡಬಹುದು.

ಹೊಸ ಎಳೆಗೆ ಪ್ರೋಟೀನ್ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ, ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 50 ಕಿಲೋ ತೂಗುವವರಿಗೆ ಸುಮಾರು 42 ಗ್ರಾಂ ಅಗತ್ಯ. ಬರಿಯ ಮುದ್ದೆ, ತಿಳಿಸಾರಿನಿಂದ ಅದು ಪೂರೈಸದು. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದ್ದರೆ, ಹುರುಳಿ, ಹೆಸರು, ಅವರೆಗಳಲ್ಲಿ 20 ಗ್ರಾಂ ಮೀರಿ ಇರುತ್ತದೆ. ಆದ್ದರಿಂದ ಮುದ್ದೆಯ ಜೊತೆಗೆ ಕಾಳು, ಹಾಲು, ಮೊಸರು ಇರಲಿ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಈ ಪ್ರಮಾಣವನ್ನು ನಿರ್ಧರಿಸಬೇಕು.

ಆದರೆ ಆಕರಕೋಶಗಳು ಎಚ್ಚೆತ್ತರೂ ಸೋಲುವ ಒಂದು ಕಾಯಿಲೆಯಿದೆ: ಡುಶೇನ್ ಸ್ನಾಯುಕ್ಷಯ. ಇದು ಬಹುಪಾಲು ಗಂಡುಮಕ್ಕಳಿಗೇ ಬರುತ್ತದೆ. ಎಳೆಗಳ ಪೊರೆಯನ್ನು ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಈ ಮಕ್ಕಳಲ್ಲಿ ತಯಾರಾಗುವುದಿಲ್ಲ. ಆಕರಕೋಶಗಳಲ್ಲಿಯೂ ಅದೇ ವಂಶವಾಹಿಯ ದೋಷವಿರುವುದರಿಂದ ಹೊಸ ಎಳೆಗಳೂ ಹರಿಯುತ್ತವೆ. ಕ್ರಮೇಣ ಮೀಸಲು ಸೋತು ಆ ಜಾಗವನ್ನು ಕೊಬ್ಬು, ನಾರು ತುಂಬುತ್ತವೆ. ಮೂರರಿಂದ ಐದು ವರ್ಷದ ಹುಡುಗ ಪದೇಪದೇ ಬೀಳುತ್ತಿದ್ದರೆ, ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದರೆ, ಮೀನಖಂಡ ಅತಿಯಾಗಿ ದಪ್ಪವಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸ್ನಾಯು ರೋಗಗಳಿಗೆ ವಿಶೇಷ ವಿಭಾಗವಿದೆ. ಸ್ಟೀರಾಯ್ಡ್ ಔಷಧ, ಹದವಾದ ಫಿಸಿಯೋಥೆರಪಿ, ಹೃದಯ ಮತ್ತು ಶ್ವಾಸಕೋಶಗಳ ತಪಾಸಣೆ ಇವುಗಳಿಂದ ಕಾಯಿಲೆಯ ವೇಗವನ್ನು ತಗ್ಗಿಸಬಹುದು. ಈ ಮಕ್ಕಳಿಗೆ ಭಾರದ ವ್ಯಾಯಾಮ ಮಾತ್ರ ಸಲ್ಲದು.

ಹತಾಶರಾದ ಇಂತಹ ತಂದೆತಾಯಿಗಳಿಗೇ ಸ್ಟೆಮ್ ಸೆಲ್ ಚುಚ್ಚುಮದ್ದಿನ ಆಸೆ ತೋರಿಸಲಾಗುತ್ತದೆ. ತೋಟವನ್ನು ಅಡವಿಟ್ಟು ಹಣ ತರುವ ಮುನ್ನ ಒಂದು ಸಂಗತಿ ತಿಳಿದಿರಲಿ. 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ, ನಿರ್ದಿಷ್ಟ ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತಜನಕ ಆಕರಕೋಶಗಳ ಕಸಿಯಂತಹ ಸ್ವೀಕೃತ ಚಿಕಿತ್ಸೆಯನ್ನು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಇನ್ನೂ ಪ್ರಯೋಗದ ಹಂತದ್ದು. ಅದನ್ನು ಸಿದ್ಧ ಚಿಕಿತ್ಸೆಯೆಂದು ಮಾರುವಂತಿಲ್ಲ. ಯಾರಾದರೂ ಇದು ಪ್ರಯೋಗವೆಂದು ಹೇಳಿದರೆ, ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆಯನ್ನು ಕೇಳಿರಿ. ಆ ಕಾಗದವನ್ನು ಮಗುವನ್ನು ನೋಡುತ್ತಿರುವ ವೈದ್ಯರಿಗೆ ತೋರಿಸಿ, ಅವರ ಅಭಿಪ್ರಾಯ ಪಡೆದ ನಂತರವೇ ಮುಂದುವರಿಯಿರಿ.