ಶಾಲೆಗಾಗಿ ಶೇಂಗಾ ಉಂಡೆ: ಮಕ್ಕಳ ಕೈ, ಅಮ್ಮನ ಲೆಕ್ಕ



ಶಾಲೆಯಲ್ಲಿ ಆಟದ ಸಾಮಾನಿಗೋ ಪುಸ್ತಕಕ್ಕೋ ಹಣ ಕೂಡಿಸಲು ತಿಂಡಿ ಮಾರಾಟ ಇಡುತ್ತಾರೆ. "ಅಮ್ಮಾ, ನಾವೂ ಏನಾದ್ರೂ ಮಾಡೋಣ" ಅಂತ ಮಕ್ಕಳು ಓಡಿ ಬರುತ್ತಾರೆ. ಇದಕ್ಕೆ ಶೇಂಗಾ ಉಂಡೆ ಒಳ್ಳೆಯದು. ಚಿಕ್ಕಿಗಾದರೆ ಬೆಲ್ಲದ ಪಾಕ ಬೇಕು. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡು ಬಿಸಿನೀರಿಗಿಂತಲೂ ಜಾಸ್ತಿ ಸುಡುತ್ತದೆ. ಉಂಡೆಗೆ ಪಾಕವೇ ಬೇಡ.

ಬೇಕಾಗುವ ಸಾಮಾನು: ಶೇಂಗಾ ಬೀಜ 1 ಕಿಲೋ, ಬೆಲ್ಲ ಮುಕ್ಕಾಲು ಕಿಲೋ, ಸ್ವಲ್ಪ ಏಲಕ್ಕಿ.

ಮಾಡುವ ವಿಧಾನ:

1. ಮೊದಲು ಬೀಜ ಆರಿಸಿ. ಬೂಸ್ಟು ಹಿಡಿದದ್ದು, ಕಪ್ಪಾದದ್ದು, ಸುಕ್ಕಾದದ್ದು ಎಸೆದುಬಿಡಿ. ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

2. ಸಣ್ಣ ಉರಿಯಲ್ಲಿ ಹುರಿಯಿರಿ. ಇದು ದೊಡ್ಡವರ ಕೆಲಸ.

3. ಆರಿದ ಮೇಲೆ ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರುವುದು ಮಕ್ಕಳಿಗೆ ಖುಷಿ.

4. ಬೀಜ, ತುರಿದ ಬೆಲ್ಲ, ಏಲಕ್ಕಿ ಸೇರಿಸಿ ತರಿತರಿಯಾಗಿ ಕುಟ್ಟಿರಿ. ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ನೀರು ಹಾಕಬೇಡಿ, ಬೇಗ ಕೆಡುತ್ತದೆ.

5. ಎಲ್ಲರೂ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಸಣ್ಣ ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿರಿ. ಸುಮಾರು 60 ಉಂಡೆ ಆಗುತ್ತವೆ.

ಈಗ ಲೆಕ್ಕ. ಉದಾಹರಣೆಗೆ ಶೇಂಗಾ 150, ಬೆಲ್ಲ 50, ಏಲಕ್ಕಿ 25, ಗ್ಯಾಸು 15, ಕವರು 10, ಒಟ್ಟು 250 ರೂಪಾಯಿ ಅನ್ನೋಣ. "ಮನೇಲಿ ಮಾಡಿದ್ದಲ್ವಾ, ಐದು ರೂಪಾಯಿ ಸಾಕು" ಅಂತೀವಿ. 60 ಉಂಡೆ ಮಾರಿದರೆ 300 ರೂಪಾಯಿ. ಉಳಿಯುವುದು ಬರೀ 50. ಮಕ್ಕಳು ಹತ್ತು ಉಂಡೆ ತಿಂದರೆ ಅದೂ ಇಲ್ಲ! ಎಂಟು ರೂಪಾಯಿಗೆ ಮಾರಿದರೆ, ಹತ್ತು ತಿಂದರೂ 150 ರೂಪಾಯಿ ಶಾಲೆಗೆ ಸಿಗುತ್ತದೆ. ನಮ್ಮ ದುಡಿಮೆಯ ಕೂಲಿ ಇದರಲ್ಲಿ ಸೇರಿಲ್ಲ, ಅದು ನಾವು ಶಾಲೆಗೆ ಕೊಡುವ ಕಾಣಿಕೆ. ಆದರೆ ಅದಕ್ಕೂ ಬೆಲೆ ಇದೆ ಅಂತ ಮಕ್ಕಳಿಗೆ ಹೇಳಿ. ನಿಮ್ಮ ಊರಿನ ದರ ಹಾಕಿ, ಈ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಬರೆಸಿ.

ಒಂದು ಎಚ್ಚರಿಕೆ: ಕೆಲವು ಮಕ್ಕಳಿಗೆ ಶೇಂಗಾ ಆಗುವುದಿಲ್ಲ. ಮೈ ದದ್ದು ಬರಬಹುದು, ಮುಖ ಊದಬಹುದು, ಉಸಿರೇ ಕಟ್ಟಬಹುದು. ಡಬ್ಬದ ಮೇಲೆ "ಶೇಂಗಾ ಇದೆ" ಎಂದು ದೊಡ್ಡದಾಗಿ ಬರೆಯಿರಿ. ಟೀಚರಿಗೂ ಮೊದಲೇ ತಿಳಿಸಿ.

ಸಂಘದ ಪುಸ್ತಕದಲ್ಲಿ ನಾವು ಪೈಸೆ ಪೈಸೆ ಬರೆಯುತ್ತೇವೆ. ಆದರೆ ನಮ್ಮ ಅಡಿಗೆಮನೆಯ ಕೆಲಸಕ್ಕೆ ಎಂದಾದರೂ ಲೆಕ್ಕ ಹಾಕಿದ್ದೇವಾ? ಮುಂದಿನ ಸಭೆಯಲ್ಲಿ ಮಾತಾಡೋಣ.