ಕೋರ್ಸ್ ಮುಗಿದ್ರೂ ಗಂಟು ಕರಗಿಲ್ವಾ?

ಇವತ್ತಿನ ಎಪಿಸೋಡ್ ಎಚ್‌ಐವಿ ಜೊತೆ ಬದುಕುತ್ತಿರುವವರ ಚರ್ಮದ ಬಗ್ಗೆ. ನಾನು ಬಿ.ಕಾಂ ಓದಿದವನು, ಡಾಕ್ಟರ್ ಅಲ್ಲ. ಓದಿ ತಿಳಿದದ್ದನ್ನು ಸರಳವಾಗಿ ಹೇಳ್ತೀನಿ.

ಎಚ್‌ಐವಿ ವೈರಸ್ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳನ್ನು ಕಡಿಮೆ ಮಾಡುತ್ತೆ. ಹಾಗಾಗಿ ಕುರು, ಫಂಗಸ್, ಸರ್ಪಸುತ್ತು ಸುಲಭವಾಗಿ ಬರುತ್ತವೆ. ಕೆಂಪಗೆ ಊದಿದ ಗಂಟು ಕಂಡ್ರೆ ಡಾಕ್ಟರ್ ಮೊದಲು ಸೋಂಕು ಅಂತ ಆಂಟಿಬಯೋಟಿಕ್ ಬರೆಯೋದು ಸಹಜ. ಹೆಚ್ಚಿನ ಸಲ ಅದು ಸರಿಯೇ.

ಅಪರೂಪಕ್ಕೆ ಮಾತ್ರ ಅದು ಲಿಂಫೋಮಾ ಆಗಿರುತ್ತೆ. ಅಂದ್ರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್. ಸಿಡಿ4 ತುಂಬಾ ಕುಸಿದವರಲ್ಲಿ ಲಿಂಫೋಮಾದ ಅಪಾಯ ಹೆಚ್ಚು. ನೋಡೋಕೆ ಸೋಂಕಿನಂತೆಯೇ: ಕೆಂಪು, ಊತ, ಹುಣ್ಣು. ಈ ಗೊಂದಲ ಹೊಸದಲ್ಲ. 1806ರಲ್ಲಿ ಫ್ರಾನ್ಸ್‌ನ ವೈದ್ಯ ಅಲಿಬೆರ್ ಒಂದು ಚರ್ಮರೋಗವನ್ನು ವಿವರಿಸಿದರು. ಅದರ ಗೆಡ್ಡೆಗಳು ಅಣಬೆಯಂತೆ ಕಂಡಿದ್ದರಿಂದ ‘ಮೈಕೋಸಿಸ್ ಫಂಗಾಯ್ಡಿಸ್’ ಅನ್ನೋ ಹೆಸರು ಬಂತು. ಅದು ಫಂಗಸ್ ಅಲ್ಲ, ಲಿಂಫೋಮಾ. ಹೆಸರು ಮಾತ್ರ ಇವತ್ತಿಗೂ ಹಾಗೇ ಇದೆ.

ಇನ್ನೊಂದು ತೊಡಕಿದೆ. ಲಿಂಫೋಮಾದ ಹುಣ್ಣಿಗೂ ಬ್ಯಾಕ್ಟೀರಿಯಾ ಸೇರಬಹುದು. ಮಾತ್ರೆ ತಗೊಂಡಾಗ ಕೀವು, ನೋವು ಇಳಿಯುತ್ತೆ, ಗಂಟು ಉಳಿಯುತ್ತೆ. ಸ್ಟೀರಾಯ್ಡ್ ತಗೊಂಡ್ರೆ ಗಂಟೂ ಸ್ವಲ್ಪ ದಿನ ಕುಗ್ಗಬಹುದು. ವಾಸಿಯಾಯ್ತು ಅಂತ ಸುಮ್ಮನಾದ್ರೆ, ಬೇಗ ಬೆಳೆಯುವ ಲಿಂಫೋಮಾಗೆ ಅಷ್ಟು ಸಮಯ ಸಾಕು.

ಲೆಕ್ಕ ತಾಳೆಯಾಗದಿದ್ದರೆ ನಾವು ಕಾಮರ್ಸ್‌ನವರು ವೋಚರ್ ತೆಗೆದು ನೋಡ್ತೀವಿ. ಇಲ್ಲಿ ವೋಚರ್ ಅಂದ್ರೆ ಬಯಾಪ್ಸಿ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದ ಸಣ್ಣ ಚೂರು ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾರೆ. ಟಿಬಿ, ಫಂಗಸ್ ಇದೆಯಾ ಅಂತಲೂ ಪರೀಕ್ಷಿಸಬಹುದು. ನೆನಪಿಡಿ, ಕೀವಿನ ಟೆಸ್ಟ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅಂತಲ್ಲ.

ಏರಿಯಾದ ಕ್ಲಿನಿಕ್‌ನಲ್ಲಿ ಎಚ್‌ಐವಿ ವಿಷಯ ಹೇಳೋಕೆ ಭಯವಾಗುತ್ತೆ, ಗೊತ್ತು. ಆದರೆ ಅದು ತಿಳಿಯದ ಡಾಕ್ಟರ್‌ಗೆ ಲಿಂಫೋಮಾ ಅನುಮಾನ ಬರೋದೇ ಕಷ್ಟ. ನಮ್ಮ ದೇಶದ 2017ರ ಎಚ್‌ಐವಿ ಕಾಯ್ದೆ ನಿಮ್ಮ ಗೋಪ್ಯತೆಯನ್ನು ಕಾಯುತ್ತೆ, ಚಿಕಿತ್ಸೆಯಲ್ಲಿ ತಾರತಮ್ಯ ಮಾಡೋದನ್ನು ನಿಷೇಧಿಸುತ್ತೆ. ಹೇಳೋಕೆ ಆಗಲ್ಲ ಅನಿಸಿದ್ರೆ ನೇರ ಎಆರ್‌ಟಿ ಕೇಂದ್ರಕ್ಕೇ ಹೋಗಿ ತೋರಿಸಿ. 1097ಕ್ಕೆ ಕಾಲ್ ಮಾಡಿದ್ರೂ ಮಾಹಿತಿ ಸಿಗುತ್ತೆ, ಕಾಲ್ ಉಚಿತ.

ಎಆರ್‌ಟಿ ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಲಿಂಫೋಮಾ ಅಂತಾದ್ರೂ ಚಿಕಿತ್ಸೆಯ ಜೊತೆ ಅದೂ ನಡೆಯಬೇಕು. ಕೋರ್ಸ್ ಮುಗಿದ ಮೇಲೂ ಗಂಟು ಕರಗದಿದ್ರೆ, ಸಂಕೋಚ ಬಿಟ್ಟು ಒಂದು ಪ್ರಶ್ನೆ ಕೇಳಿ: “ಡಾಕ್ಟ್ರೇ, ಬಯಾಪ್ಸಿ ಮಾಡಿಸೋಣ್ವಾ?”