ಅರುವತ್ತರಲ್ಲಿ ಕಾಲೇಜು ಮುಗಿಸಿದ ಗಾಯಕಿ

ಬ್ಯಾಂಡಿನವರ ಜೊತೆ ಹಾಡ್ತಾಳೆ ಅಂತ ಹೇಳಿ ಬಡಿಸುವ ಹುಡುಗಿಯನ್ನು ಮಾಲಕ ಕೆಲಸದಿಂದ ತೆಗೆದ. ಅಮೆರಿಕದ ನ್ಯೂ ಓರ್ಲಿಯನ್ಸ್ ನಗರದಲ್ಲಿ 1950ರ ದಶಕದ ಕೊನೆಯಲ್ಲಿ ನಡೆದದ್ದು ಇದು. 14ನೇ ವಯಸ್ಸಿಗೇ ಆಕೆಯ ಶಾಲೆ ನಿಂತಿತ್ತು. ಮದುವೆ, ಮಗು ಎಲ್ಲ ಆಗಲೇ. 19 ಆಗುವಷ್ಟರಲ್ಲಿ ಎರಡು ಮದುವೆ, ನಾಲ್ಕು ಮಕ್ಕಳು. ಹೆಸರು ಇರ್ಮಾ ಥಾಮಸ್.

ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿ ಬೇಡ. ಇಲ್ಲಿ ಹೇಳಲು ಹೊರಟಿರುವುದು ಒಬ್ಬ ತಾಯಿಯ ಬದುಕನ್ನು.

ಇರ್ಮಾ ಹಾಡುತ್ತಿದ್ದುದು ರಿದಮ್ ಆ್ಯಂಡ್ ಬ್ಲೂಸ್. ಕಪ್ಪು ಜನರು ತಮ್ಮ ದುಃಖ, ಸಂತೋಷ, ಚರ್ಚಿನ ಹಾಡು ಎಲ್ಲವನ್ನೂ ಸೇರಿಸಿ ಕಟ್ಟಿಕೊಂಡ ಸಂಗೀತ ಅದು. ಮೊದಲು ಅದನ್ನು 'ಜನಾಂಗದ ಹಾಡು' ಎಂದು ಬೇರೆ ಇಡುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಈ ಹೊಸ ಹೆಸರು ಕೊಟ್ಟಿತು.

ಕೆಲಸ ಹೋದ ಹುಡುಗಿಯ ಕೈ ಹಿಡಿದವರು ಅದೇ ಬ್ಯಾಂಡಿನ ಮುಖ್ಯಸ್ಥ ಟಾಮಿ ರಿಡ್ಗ್ಲಿ. ಅವರ ಸಹಾಯದಿಂದ ಮೊದಲ ರೆಕಾರ್ಡ್ ಆಯಿತು. ಮುಂದೆ ಅದೇ ಊರಿನ ಅಲೆನ್ ಟೂಸೆಂಟ್ ಆಕೆಗಾಗಿ ಹಾಡು ಬರೆದರು. 1964ರಲ್ಲಿ ಆಕೆ ಹಾಡಿದ ಒಂದು ಹಾಡನ್ನು ಅದೇ ವರ್ಷ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡವೂ ಹಾಡಿತು. ಹೆಸರು ಅವರಿಗೆ ಹೋಯಿತು. ಇರ್ಮಾ ಹಾಡಿದರೆ ಜನ, 'ಇದು ಸ್ಟೋನ್ಸ್‌ನವರ ಹಾಡಲ್ವಾ?' ಅನ್ನತೊಡಗಿದರು. ಬೇಸತ್ತು ಆ ಹಾಡನ್ನೇ ವರ್ಷಗಟ್ಟಲೆ ಬಿಟ್ಟರು.

1969ರಲ್ಲಿ ಕ್ಯಾಮಿಲ್ ಚಂಡಮಾರುತ ಬಂತು. ಕರಾವಳಿಯಲ್ಲಿ ಹಾಡುವ ಜಾಗಗಳೇ ಇಲ್ಲವಾದವು. ಮಕ್ಕಳ ಹೊಟ್ಟೆ ಕೇಳಬೇಕಲ್ಲ? ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮಾಂಟ್‌ಗೊಮರಿ ವಾರ್ಡ್ ಎಂಬ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ರೆಕಾರ್ಡಿನಲ್ಲಿ ಹೆಸರಿದ್ದವಳು ಅಂಗಡಿಯಲ್ಲಿ ಸಾಮಾನು ಮಾರುವುದಾ ಎಂದು ನಾಚಿಕೊಳ್ಳಲಿಲ್ಲ. 1970ರ ದಶಕದಲ್ಲಿ ಊರಿಗೆ ಮರಳಿ, ಗಂಡ ಎಮಿಲ್ ಜಾಕ್ಸನ್ ಜೊತೆ ಲಯನ್ಸ್ ಡೆನ್ ಎಂಬ ಕ್ಲಬ್ ನಡೆಸಿದರು. ಹಾಡು ಕೇಳಲು ಬಂದವರಿಗೆ ತಾವೇ ಅಡುಗೆ ಮಾಡಿ ಬಡಿಸಿದ್ದೂ ಉಂಟು.

ಇಷ್ಟಾದರೂ ಅರ್ಧಕ್ಕೆ ನಿಂತ ಓದು ಮನಸ್ಸಿನಿಂದ ಹೋಗಿರಲಿಲ್ಲ. ಡೆಲ್ಗಾಡೊ ಕಮ್ಯುನಿಟಿ ಕಾಲೇಜಿಗೆ ಸೇರಿ, ಮೊಮ್ಮಕ್ಕಳ ಪ್ರಾಯದವರ ಜೊತೆ ಕೂತು ಕಲಿತು, 60ರ ಹೊತ್ತಿಗೆ ಪದವಿ ಪಡೆದರು.

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ. ಇರ್ಮಾ ಕಾರ್ಯಕ್ರಮಕ್ಕೆಂದು ಟೆಕ್ಸಾಸ್‌ಗೆ ಹೋಗಿದ್ದರು. ಇತ್ತ ಮನೆ, ಕ್ಲಬ್ಬು ಎರಡೂ ನೀರಿನಲ್ಲಿ ಮುಳುಗಿದವು. ಗಂಡನ ಊರಾದ ಗೊಂಝಾಲೆಸ್‌ನಲ್ಲಿ ಉಳಿದುಕೊಂಡು, ಕೆಲವೇ ತಿಂಗಳಲ್ಲಿ 'ಆಫ್ಟರ್ ದಿ ರೈನ್' ಆಲ್ಬಮ್ ಹಾಡಿದರು. 2007ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅದು ಅವರ ಮೊದಲ ಗ್ರ್ಯಾಮಿ, ಪ್ರಾಯ 65. ಮುಂದೆ ಮನೆ ಸರಿಮಾಡಿಸಿ ನ್ಯೂ ಓರ್ಲಿಯನ್ಸ್‌ಗೇ ವಾಪಸ್ ಬಂದರು.

ಪ್ರಶಸ್ತಿಗಿಂತ ದೊಡ್ಡದೆಂದು ನನಗೆ ಕಂಡದ್ದು ಇನ್ನೊಂದು. ಡೆಲ್ಗಾಡೊ ಕಾಲೇಜಿನಲ್ಲಿ ಓದಲು ಬರುವ ಮಹಿಳೆಯರ ನೆರವಿಗೆಂದೇ ಒಂದು ಕೇಂದ್ರವಿದೆ. ಅದಕ್ಕೆ ಇಟ್ಟಿರುವುದು ಇರ್ಮಾ ಥಾಮಸ್ ಹೆಸರು, 14ಕ್ಕೆ ಶಾಲೆ ಬಿಟ್ಟ ಹುಡುಗಿಯ ಹೆಸರು.

ನಮ್ಮ ಮನೆಗಳಲ್ಲೂ ಮದುವೆಯೆಂದು ಪುಸ್ತಕ ಮಡಚಿಟ್ಟ ಉಮ್ಮಂದಿರು, ತಂಗಿಯಂದಿರು ಇದ್ದಾರೆ. 'ಇನ್ನು ಈ ಪ್ರಾಯದಲ್ಲಿ ಎಂತಕ್ಕೆ?' ಎಂದು ಅವರಿಗೆ ಹೇಳುವ ಮೊದಲು ನಾವು ಒಮ್ಮೆ ಯೋಚಿಸಿದರೆ ಒಳ್ಳೆಯದು.